ಬಾಯ್ಲರ್ ತೊಳೆಯುವ ವಾರ

ಏಪ್ರಿಲ್ 5, ಭಾನುವಾರ
ಮಕ್ಕಳ ಮನೆ

ಪ್ರೀತಿಯ ಆಂಟಿ,

ಮೊದಲಿಗೆ ಸಾರಿ. ಗುರುತು ಪರಿಚಯ ಇಲ್ಲದವರಿಗೆ ಹೀಗೆ ಪತ್ರ ಬರೆಯುವುದು ಸರಿಯೋ ತಪ್ಪೋ ಗೊತ್ತಿಲ್ಲ. ಬರೆದು ಹರಿದು ಹಾಕಿ, ಮತ್ತೆ ಬರೆಯುತ್ತಿದ್ದೇನೆ. ನಾನು ಕಾಲೇಜಿನ ಮೊದಲ ವರ್ಷದ ಹುಡುಗಿ. ರಜೆಯಲ್ಲಿ ಸೇವೆ ಮಾಡಲೆಂದು ನಮ್ಮ ಕಾಲೇಜಿನ ಒಂದು ಬ್ಯಾಚ್, ನೀವು ಕೆಲಸಕ್ಕೆ ಬಂದು ನೆಲೆಸಿರುವ ಈ ದೇಶಕ್ಕೆ ಬಂದಿದೆ. ನಿಮ್ಮ ಮಗಳಿರುವ ಮಕ್ಕಳ ಮನೆಯಲ್ಲೇ ನಮ್ಮ ವಾಸ. ಇಷ್ಟು ಮಕ್ಕಳಲ್ಲಿ ನಮ್ಮ ಭಾಷೆ ಬರುವುದು ಅವಳೊಬ್ಬಳಿಗೇ. ಬಂದ ದಿನವೇ ನನ್ನ ಬ್ಯಾಗಿನ ಪಟ್ಟಿ ಹಿಡಿದುಕೊಂಡು, "ಅಕ್ಕಾ, ನೀವು ನಮ್ಮಮ್ಮನ ಥರಾನೇ ಮಾತಾಡ್ತೀರಲ್ಲಾ!" ಎಂದಳು.

ಇಲ್ಲಿ ಎಲ್ಲರೂ ಅವಳನ್ನು ರೇಡಿಯೋ ಎಂದೇ ಕರೆಯುತ್ತಾರೆ. ಬೆಳಿಗ್ಗೆ ಆನ್ ಆದರೆ ಮಲಗುವವರೆಗೆ ಆಫ್ ಇಲ್ಲ. ನಾನು ಬಾಯಿ ಸತ್ತವಳು. ಹೊಸ ಜಾಗಕ್ಕೆ ಹೋದರೆ ಮೂಲೆ ಹುಡುಕಿಕೊಂಡು ಕೂರುತ್ತೇನೆ. ಅವಳು ಪಕ್ಕದಲ್ಲಿದ್ದರೆ ನನ್ನ ಪಾಲಿನ ಮಾತನ್ನೂ ಅವಳೇ ಆಡಿಬಿಡುತ್ತಾಳೆ. ನಿನ್ನೆ ಮಕ್ಕಳಿಗೆ ಹಲ್ಲುಜ್ಜುವುದನ್ನು ಹೇಳಿಕೊಟ್ಟೆವು. ನಾನು ಪ್ಲಾಸ್ಟಿಕ್ಕಿನ ದೊಡ್ಡ ದವಡೆ ಹಿಡಿದು ನಿಂತಿದ್ದೆ. ರೇಡಿಯೋ ಕೈ ಎತ್ತಿ, "ಅಕ್ಕಾ, ಒಳಗಡೆ ಹಲ್ಲು ಮರೆತ್ರಿ. ಹೋದ ಸಲದ ಹಲ್ಲುಜ್ಜೋ ಅಕ್ಕನೂ ಅದನ್ನೇ ಮರೆತಿದ್ರು" ಎಂದಳು. ಪ್ರತಿ ಮಗುವಿಗೂ ಒಂದೊಂದು ಬ್ರಷ್ ಕೊಟ್ಟೆವು. ಅವಳ ಡಬ್ಬಿಯಲ್ಲಿ ಆಗಲೇ ಒಂದು ಕಟ್ಟು ಹೊಸ ಬ್ರಷ್ ಇವೆ! ಮಧ್ಯಾಹ್ನ ಗೋಡೆಗೆ ಬಣ್ಣ. ಹಿಂದಿನ ಬ್ಯಾಚಿನವರು ಬರೆದಿದ್ದ ಚಿಟ್ಟೆಗಳ ಮೇಲೆ ಸುಣ್ಣ ಹೊಡೆದು ನಾವು ಹೂ ಬರೆಯುತ್ತಿದ್ದೇವೆ. ಚಿಟ್ಟೆಗಳು ಚೆನ್ನಾಗಿಯೇ ಇದ್ದವು. ಆದರೆ ನಮಗೂ ಏನಾದರೂ ಕೆಲಸ ಬೇಕಲ್ಲ.

ಮುಗಿಯುವ ದಿನದ ಕಾರ್ಯಕ್ರಮದ ಡ್ಯಾನ್ಸಿನಲ್ಲಿ ನಿಮ್ಮ ಮಗಳೇ ಸೂರ್ಯ. ದಿನಾ ಕುಣಿದು ಬೆವರು ಸುರಿಸುತ್ತಾಳೆ. ಮತ್ತೆ ಎಷ್ಟು ಅಚ್ಚುಕಟ್ಟು ಅಂತೀರಿ! ಬೇರೆ ಮಕ್ಕಳ ಬಟ್ಟೆ ಕಪಾಟಿನಲ್ಲಿ ಗುಡ್ಡೆ ಬಿದ್ದಿದ್ದರೆ ಇವಳದು ಮಾತ್ರ ಬ್ಯಾಗಿನಲ್ಲಿ ಮಡಚಿ ಇಟ್ಟಿರುತ್ತದೆ. ಬೆಳಿಗ್ಗೆ ಒಂದು ಜೊತೆ ತೆಗೆದು ಹಾಕಿಕೊಳ್ಳುತ್ತಾಳೆ, ಒಗೆದು ಒಣಗಿದ ಕೂಡಲೇ ಮತ್ತೆ ಬ್ಯಾಗಿಗೇ. "ಅಮ್ಮಂಗೆ ಬರೀರಿ, ನಾನು ರೆಡಿ ಅಂತ" ಎಂದು ಹೇಳಿದ್ದಾಳೆ. ಮಕ್ಕಳು ಬರೆದರೆ ಕಾಗದ ಆಫೀಸಿನ ಮೂಲಕವೇ ಹೋಗಬೇಕಂತೆ, ಅದಕ್ಕೆ ನನ್ನ ಕೈಯಲ್ಲಿ ಬರೆಸುತ್ತಿದ್ದಾಳೆ. ಮಂಗಳವಾರ, ಶುಕ್ರವಾರ ಹಾಸಿಗೆ ಬಟ್ಟೆ ಒಯ್ಯುವ ವ್ಯಾನ್ ನಿಮ್ಮ ಲಾಂಡ್ರಿಯದಂತೆ. "ಆ ಮಾಮಂಗೆ ಕೊಡಿ, ಅಮ್ಮಂಗೆ ಸಂಜೆಗೇ ಸಿಗುತ್ತೆ" ಎಂಬ ಐಡಿಯಾವೂ ಅವಳದೇ.

ತಪ್ಪಾಗಿದ್ದರೆ ಕ್ಷಮಿಸಿ.

ಇಂತಿ,
ಹಲ್ಲುಜ್ಜುವ ಅಕ್ಕ


ಏಪ್ರಿಲ್ 8, ಬುಧವಾರ
ಲಾಂಡ್ರಿ

ತಂಗೀ,

ಆಂಟಿ ಅನ್ನಬೇಡ ಮಾರಾಯ್ತಿ. ಇಸ್ತ್ರಿ ಮೆಷಿನ್ನಿನ ಹಬೆಗೆ ಮುಖ ಬೆಂದು ಬದನೆಕಾಯಿ ಆಗಿದೆ ನಿಜ, ಆದರೆ ಅಷ್ಟೇನೂ ವಯಸ್ಸಾಗಿಲ್ಲ. ಅಕ್ಕ ಅನ್ನು. ನನ್ನ ಮಗಳು ನಿನ್ನನ್ನೂ ಅಕ್ಕ ಅನ್ನುತ್ತಾಳೆ, ಲೆಕ್ಕ ತಪ್ಪುತ್ತದೆ. ತಪ್ಪಲಿ.

ನಿನ್ನ ಪತ್ರವನ್ನು ಊಟದ ಬಿಡುವಿನಲ್ಲಿ ಓದಿದೆ. ಹೋದ ವಾರ ಆಫೀಸಿನಿಂದ ಫೋನ್ ಮಾಡಿ, ಪುಟ್ಟಿಗೆ ಮೈತುಂಬ ಗುಳ್ಳೆ ಎದ್ದಿವೆ, ಅಂಟುರೋಗ, ಬಸ್ಸಿನಲ್ಲಿ ಕಳಿಸುವ ಹಾಗಿಲ್ಲ, ಈ ರಜೆಗೆ ಆಸೆ ಇಟ್ಟುಕೊಳ್ಳಬೇಡಿ ಎಂದಿದ್ದರು. ಅಂಥ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡಿದ್ದೀಯಲ್ಲ, ನಿನ್ನ ಹೊಟ್ಟೆ ತಣ್ಣಗಿರಲಿ. ಆದರೆ ಕುಣಿಸಬೇಡ. ಜ್ವರ ಬಂದರೂ ಅವಳು ಹೇಳುವವಳಲ್ಲ. ಹೇಳಿದರೆ ಬಾಯಿ ಮುಚ್ಚಿ ಮಲಗಿಸುತ್ತಾರೆ ಎಂಬ ಹೆದರಿಕೆ. ಉಗುರು ಕತ್ತರಿಸು. ಕಿವಿಯ ಹಿಂದೆ ನೋಡು, ಅಲ್ಲೇ ತುರಿಸಿಕೊಂಡು ಗಾಯ ಮಾಡಿಕೊಳ್ಳುವುದು.

ಬ್ಯಾಗ್ ಕಟ್ಟಿಟ್ಟಿರುವುದು ಅಚ್ಚುಕಟ್ಟಿಗಲ್ಲ ತಂಗಿ. ವರ್ಷಕ್ಕೊಂದು ವಾರ ನಮ್ಮ ಬಾಯ್ಲರ್ ತೊಳೆಯಲು ಕೆಲಸ ನಿಲ್ಲಿಸುತ್ತಾರೆ. ಆ ವಾರ ಮಾತ್ರ ಹೆಂಗಸರ ವಸತಿಯಲ್ಲಿ ಮಕ್ಕಳನ್ನು ಇಟ್ಟುಕೊಳ್ಳಬಹುದು. ಒಂದೇ ಮಂಚ, ಅವಳು ಕಾಲ ಕಡೆ ತಲೆ ಹಾಕಿ ಮಲಗಿ ಬೆಳಗಾಗುವವರೆಗೆ ನನ್ನ ಮೊಣಕಾಲಿಗೆ ಕಥೆ ಹೇಳುತ್ತಾಳೆ. ಈ ಸಲ 18ಕ್ಕೆ ಶುರು. ಗುಳ್ಳೆಗೂ ಇದೇ ವಾರ ಬೇಕಾಗಿತ್ತು ನೋಡು. ಮುಂದಿನ ವರ್ಷ ಎಂದು ಹೇಳು. ಬೇಡ, ಹೇಳಬೇಡ, ನಾನೇ ಹೇಳುತ್ತೇನೆ.

ಅಕ್ಕ


ಏಪ್ರಿಲ್ 10, ಶುಕ್ರವಾರ

ಅಕ್ಕಾ,

ಗುಡ್ ನ್ಯೂಸ್! ವ್ಯಾನ್ ಮಾಮ ಬಟ್ಟೆ ಎಣಿಸುವಷ್ಟರಲ್ಲಿ ಬರೆಯುತ್ತಿದ್ದೇನೆ, ಅಕ್ಷರ ನೋಡಬೇಡಿ. ಪುಟ್ಟಿಗೆ ಏನೂ ಆಗಿಲ್ಲ. ಈಗ ತಾನೇ ಕಿವಿಯ ಹಿಂದೆ, ಬೆನ್ನು, ಹೊಟ್ಟೆ ಎಲ್ಲ ನೋಡಿದೆ. "ಕಚಗುಳಿ ಆಗುತ್ತೆ, ಏನ್ ಹುಡುಕ್ತಿದೀರಾ ಅಕ್ಕಾ, ಬಾಲಾನಾ?" ಎಂದು ಬಿದ್ದು ಬಿದ್ದು ನಕ್ಕಳು. ಸೊಳ್ಳೆ ಕಚ್ಚಿದ ಗುರುತೂ ಇಲ್ಲ. ಬೇರೆ ಯಾವುದೋ ಮಗುವಿನ ವಿಷಯವನ್ನು ನಿಮಗೆ ಹೇಳಿರಬೇಕು, ಮಿಸ್ಟೇಕ್ ಆಗಿರುತ್ತದೆ.

ಆದರೆ ಈ ರಜೆಗೆ ಯಾವ ಮಗುವೂ ಹೋಗುವುದಿಲ್ಲವಂತೆ. ಮೊದಲ ದಿನದ ಸ್ವಾಗತದಲ್ಲೇ ದೊಡ್ಡಮ್ಮ (ಇಲ್ಲಿನ ಮುಖ್ಯಸ್ಥೆಯನ್ನು ನಾವೂ ಮಕ್ಕಳ ಹಾಗೆ ದೊಡ್ಡಮ್ಮ ಎನ್ನುತ್ತೇವೆ) ಹೇಳಿದ್ದರು: "ನೀವು ಅಷ್ಟು ದೂರದಿಂದ ಬರ್ತೀರಿ, ಬಂದಾಗ ಮನೆ ಖಾಲಿ ಇದ್ರೆ ಯಾರಿಗೆ ಸೇವೆ ಮಾಡ್ತೀರಿ? ಅದಕ್ಕೇ ನಿಮಗೋಸ್ಕರ ಒಂದು ಮಗೂನೂ ಕಳಿಸಿಲ್ಲ." ನಾವೆಲ್ಲ ಜೋರಾಗಿ ಚಪ್ಪಾಳೆ ತಟ್ಟಿದೆವು. ಈಗ ನಿಮ್ಮ ಬಾಯ್ಲರ್ ವಾರದ ಬಗ್ಗೆ ಓದಿದ ಮೇಲೆ ಆ ಚಪ್ಪಾಳೆ ಯಾಕೋ ಸರಿ ಅನ್ನಿಸುತ್ತಿಲ್ಲ. ನೀವು ಬೇಜಾರು ಮಾಡಿಕೊಳ್ಳಬೇಡಿ. ನಾನು ಒಂದನೇ ಕ್ಲಾಸಿನಿಂದ ಹಾಸ್ಟೆಲ್. ಎಷ್ಟೋ ರಜೆ ಅಲ್ಲೇ ಕಳೆದಿದ್ದೇನೆ. ಮೊದಮೊದಲು ಅಳು ಬರುತ್ತದೆ, ಆಮೇಲೆ ಅಡ್ಜಸ್ಟ್ ಆಗುತ್ತದೆ.

18ಕ್ಕೆ ಮಕ್ಕಳನ್ನೆಲ್ಲ ಝೂಗೆ ಕರೆದುಕೊಂಡು ಹೋಗುತ್ತಿದ್ದೇವೆ. ಅವಳ ಕೈ ಹಿಡಿದುಕೊಳ್ಳುವ ಡ್ಯೂಟಿ ನನ್ನದೇ. ಮಾಮ ಹಾರ್ನ್ ಹೊಡೆಯುತ್ತಿದ್ದಾರೆ.

ತಂಗಿ


ಏಪ್ರಿಲ್ 11, ಶನಿವಾರ

ತಂಗೀ,

ನಿನ್ನ ಪತ್ರ ಓದಿ ಮೆಷಿನ್ ಮೇಲೆ ಚಾದರ ಬಿಟ್ಟುಬಿಟ್ಟೆ, ಕಂದು ಕಲೆ ಬಿತ್ತು, ಮೇಸ್ತ್ರಿಯ ಬಾಯಿಂದ ಬರಬಾರದ್ದು ಬಂತು. ಬಂದರೆ ಬರಲಿ.

ಅದು ಮಿಸ್ಟೇಕ್ ಅಲ್ಲಮ್ಮ, ಸುಳ್ಳು. ಎಲ್ಲ ತಾಯಂದಿರಿಗೂ ಒಂದೊಂದು ಹೇಳಿದ್ದಾರೆ. ನನ್ನ ಪಕ್ಕದ ಮೆಷಿನ್ನಿನವಳ ಮಗನಿಗೆ ಸ್ಪೆಷಲ್ ಕ್ಲಾಸ್ ಇದೆಯಂತೆ. ಇದೆಯಾ? ಇರುವುದಿಲ್ಲ. ಹಲ್ಲುಜ್ಜುವ ಕ್ಲಾಸ್ ಇರುತ್ತದೆ. ದೊಡ್ಡಮ್ಮ ಅಂತೆ! ದೊಡ್ಡಮ್ಮ ಎಂದರೆ ನನ್ನ ಅಕ್ಕ ಆಗಬೇಕು. ನನ್ನ ಬೆನ್ನಿಗೆ ಒಬ್ಬ ಅಕ್ಕ ಇದ್ದಿದ್ದರೆ ಆ ಕಳ್ಳಿಯ ಕೈಗೆ ಮಗಳನ್ನು ಯಾಕೆ ಕೊಡುತ್ತಿದ್ದೆ? ನೆಂಟರು ಬಂದಾಗ ಶೋಕೇಸಿನ ಗೊಂಬೆ ಒರೆಸಿಡುವ ಹಾಗೆ ನಮ್ಮ ಮಕ್ಕಳನ್ನು ಇಟ್ಟಿದ್ದಾಳೆ. ನಿನ್ನ ಮೇಲೆ ಸಿಟ್ಟಿಲ್ಲ, ನೀನೂ ಹಾಸ್ಟೆಲ್ಲಿನಲ್ಲಿ ಬೆಳೆದ ಕೂಸು. ಅಡ್ಜಸ್ಟ್ ಆಗುತ್ತದೆ ಎಂದು ಬರೆದಿದ್ದೀಯಲ್ಲ, ಅದನ್ನು ಮಾತ್ರ ಮತ್ತೆ ಮತ್ತೆ ಓದಿದೆ. ನನ್ನ ಮಗಳಿಗೆ ಅದು ಅಭ್ಯಾಸ ಆಗುವುದು ನನಗೆ ಬೇಡ.

ಗೇಟಿಗೆ ಬಂದರೆ ಕಾವಲುಗಾರ ಭೇಟಿಯ ದಿನ ಅಲ್ಲ ಎಂದು ವಾಪಸು ಅಟ್ಟುತ್ತಾನೆ. ಅದಕ್ಕೇ ಒಂದು ಉಪಕಾರ ಮಾಡು. 18ಕ್ಕೆ ನಾನು ಝೂನ ಟಿಕೆಟ್ ಕಿಟಕಿಯ ಹತ್ತಿರ ನಿಂತಿರುತ್ತೇನೆ. ಪುಟ್ಟಿಯ ಕೈಯನ್ನು ನನ್ನ ಕೈಗೆ ಕೊಡು. ಬಾಯ್ಲರ್ ವಾರ ಮುಗಿದ ಮಾರನೇ ದಿನ ನಾನೇ ತಂದು ಬಿಡುತ್ತೇನೆ, ಬೈಸಿಕೊಳ್ಳುತ್ತೇನೆ, ಕಾಲು ಹಿಡಿ ಎಂದರೆ ಹಿಡಿಯುತ್ತೇನೆ. ಅವಳಿಗೆ ಅಲ್ಲಿನ ಶಾಲೆ ಬೇಕು, ಅದನ್ನು ಕಳೆಯುವಷ್ಟು ದಡ್ಡಿ ನಾನಲ್ಲ. ನನಗೆ ಬೇಕಾಗಿರುವುದು ಆ ಒಂದು ವಾರ ಮಾತ್ರ.

ನಿನ್ನ ಅಕ್ಕ


ಏಪ್ರಿಲ್ 16, ಗುರುವಾರ

ಅಕ್ಕಾ,

ಎಲ್ಲ ಸರಿ ಹೋಯಿತು! ನಿಮ್ಮ ಪತ್ರ ಮಂಗಳವಾರ ಸಿಕ್ಕಿದಾಗಿನಿಂದ ನನಗೆ ಊಟ ಸೇರಿರಲಿಲ್ಲ. ಟಿಕೆಟ್ ಕಿಟಕಿ ಹತ್ತಿರ ಮಗುವನ್ನು ಕೊಟ್ಟುಬಿಡುವುದು ನನ್ನ ಕೈಲಾಗುವ ಕೆಲಸವಲ್ಲ ಅನ್ನಿಸುತ್ತಿತ್ತು. ನಮ್ಮ ಹಾಸ್ಟೆಲ್ಲಿನಲ್ಲಿ ಬರುವ ಪತ್ರಗಳನ್ನೆಲ್ಲ ವಾರ್ಡನ್ ಒಡೆದು ಓದಿಯೇ ಕೊಡುತ್ತಿದ್ದರು. ಮುಚ್ಚಿಟ್ಟವರಿಗೆ ಶಿಕ್ಷೆ, ತಾವಾಗಿ ತಂದು ತೋರಿಸಿದವರಿಗೆ ಪರ್ಮಿಷನ್. ಅಪ್ಪ ಬಂದು ಕರೆದುಕೊಂಡು ಹೋಗುತ್ತೇನೆಂದು ಬರೆದಾಗ ನಾನೇ ತೋರಿಸಿದ್ದಕ್ಕೆ ಗೇಟ್ ಪಾಸ್ ಕೊಟ್ಟಿದ್ದರು. ಅದೇ ನೆನಪಾಯಿತು. ನಿನ್ನೆ ಧೈರ್ಯ ಮಾಡಿ ನಿಮ್ಮ ಪತ್ರವನ್ನು ದೊಡ್ಡಮ್ಮನಿಗೆ ತೋರಿಸಿದೆ.

ಬೈದಿರುವ ಸಾಲುಗಳ ಮೇಲೆ ಹೆಬ್ಬೆರಳು ಇಟ್ಟುಕೊಂಡು ಉಳಿದದ್ದನ್ನು ಓದಿ ಹೇಳಬೇಕೆಂದಿದ್ದೆ. ಅವರು ಕಾಗದವನ್ನೇ ತೆಗೆದುಕೊಂಡು, ನಮ್ಮ ಭಾಷೆ ಬರುವ ಕ್ಲರ್ಕನ್ನು ಕರೆದು ಪೂರ್ತಿ ಓದಿಸಿಕೊಂಡರು. ಆದರೆ ಅವರಿಗೆ ಸಿಟ್ಟೇ ಬರಲಿಲ್ಲ ಅಕ್ಕಾ! ನಗುತ್ತಾ ಟೀ ತರಿಸಿ, "ಹೆತ್ತ ಕರುಳು ಅಲ್ವಾ, ಹಾಗೇ. ನೀನು ತಂದು ತೋರಿಸಿದ್ದು ಬಹಳ ಒಳ್ಳೇದಾಯ್ತು" ಎಂದರು. ಶನಿವಾರ ಮಧ್ಯಾಹ್ನದ ಬಸ್ಸಿಗೆ ಆಯಾ ಜೊತೆ ಪುಟ್ಟಿಯನ್ನು ಅವರೇ ಕಳಿಸುತ್ತಾರಂತೆ. ನೀವು ಝೂಗೆ ಬರುವುದು ಬೇಡ, ನಿಮ್ಮ ಊರಿನ ಬಸ್ ನಿಲ್ದಾಣದಲ್ಲೇ ಇರಿ. ಪತ್ರ ಅವರ ಹತ್ತಿರವೇ ಇದೆ, ಫೈಲಿಗೆ ಬೇಕಂತೆ.

ಕದ್ದು ಮಾಡುವುದಕ್ಕಿಂತ ಇದೇ ಒಳ್ಳೆಯದಲ್ಲವಾ?

ತಂಗಿ


ಏಪ್ರಿಲ್ 19, ಭಾನುವಾರ

ಅಕ್ಕಾ,

ವ್ಯಾನ್ ಈ ವಾರ ಬರುವುದಿಲ್ಲ, ಅಂಚೆಗೆ ಹಾಕುತ್ತಿದ್ದೇನೆ. ಪುಟ್ಟಿ ಆರಾಮಾಗಿ ತಲುಪಿದಳಾ? ಈಗ ನಿಮ್ಮ ಮಡಿಲಲ್ಲಿ ಕೂತು ನಿಮ್ಮ ತಲೆ ತಿನ್ನುತ್ತಿರಬೇಕು. ನಿನ್ನೆ ನಾವು ಝೂಗೆ ಹೊರಡುವ ಮೊದಲೇ ಅವಳನ್ನು ಜೀಪಿನಲ್ಲಿ ಕರೆದುಕೊಂಡು ಹೋಗಿದ್ದರು, ಬೈ ಹೇಳಲೂ ಆಗಲಿಲ್ಲ. ಅವಳ ಮಂಚದ ಕೆಳಗೆ ಬ್ಯಾಗ್ ಇಲ್ಲದ್ದು ನೋಡಿ ಖುಷಿಯಾಯಿತು. ಅವಳಿಲ್ಲದೆ ಝೂನಲ್ಲಿ ಮಾತೇ ಇರಲಿಲ್ಲ. ಸೂರ್ಯನ ಪಾರ್ಟನ್ನು ಇನ್ನೊಂದು ಮಗುವಿಗೆ ಕೊಟ್ಟಿದ್ದೇವೆ, ಅವಳಿಗೆ ಹೇಳಬೇಡಿ, ಬೇಜಾರು ಮಾಡಿಕೊಳ್ಳುತ್ತಾಳೆ.

ಅವಳ ಕೈಯಲ್ಲೂ ಎರಡು ಸಾಲು ಬರೆಸಿ ಕಳಿಸಿ.

ತಂಗಿ


ಏಪ್ರಿಲ್ 21, ಮಂಗಳವಾರ

ಸ್ವಯಂಸೇವಕಿಯವರಿಗೆ,

ನಿಮ್ಮ ಪತ್ರ ಈಗ ಬಂತು. ನನ್ನ ಮಡಿಲಲ್ಲಿ ಯಾರೂ ಕೂತಿಲ್ಲ.

ಶನಿವಾರ ನಾನು ನಿಮ್ಮ ಮಾತು ನಂಬಿ ಝೂಗೆ ಹೋಗಲಿಲ್ಲ. ಬಸ್ ನಿಲ್ದಾಣದಲ್ಲಿ ನಿಂತೆ. ಮಧ್ಯಾಹ್ನದ ಬಸ್ ಬಂತು, ಇಳಿದವರ ಮುಖವೆಲ್ಲ ನೋಡಿದೆ. ಆಮೇಲೆ ಬಂದ ಬಸ್ಸುಗಳಲ್ಲೂ ನೋಡಿದೆ. ಕಡೆಗೆ ನಿಲ್ದಾಣ ಗುಡಿಸುವವಳು, "ಇನ್ಯಾವ ಬಸ್ಸೂ ಇಲ್ಲಮ್ಮ, ಕಾಲೆತ್ತು, ಅಲ್ಲೂ ಗುಡಿಸ್ಬೇಕು" ಎಂದಳು.

ನಿನ್ನೆ ನಿಮ್ಮ ಗೇಟಿಗೆ ಬಂದಿದ್ದೆ. ನೀವೆಲ್ಲ ಒಳಗೆ ಹಾಡುತ್ತಿದ್ದಿರಿ. ನಮ್ಮ ಭಾಷೆಯ ಹುಡುಗಿಯನ್ನು ಕರೆಯಪ್ಪಾ ಎಂದು ಕಾವಲುಗಾರನಿಗೆ ಹೇಳಿದೆ. "ಸೇವೆಗೆ ಬಂದವರು ಪೋಷಕರನ್ನ ನೋಡೋ ಹಾಗಿಲ್ಲ" ಎಂದ. ಬಹಳ ಹೊತ್ತು ನಿಂತ ಮೇಲೆ ಕ್ಲರ್ಕ್ ಬಂದ. ಮಗುವನ್ನು ಅಪಹರಿಸಲು ನಾನು ಹೊಂಚು ಹಾಕಿದ್ದೇನಂತೆ. ನನ್ನ ಕೈಬರಹವೇ ಸಾಕ್ಷಿಯಂತೆ. ಅದಕ್ಕೇ ಅವಳನ್ನು ಅವರ ಇನ್ನೊಂದು ಶಾಖೆಗೆ ಸಾಗಿಸಿದ್ದಾರೆ. ಎಲ್ಲಿ ಎಂದರೆ ಹೇಳುವುದಿಲ್ಲ.

ನಾನು ಆ ಪತ್ರವನ್ನು ನಿಮಗೆ ಬರೆದಿದ್ದೆ. ಮನಸ್ಸಿಗೆ ಒಗ್ಗದಿದ್ದರೆ ಆಗುವುದಿಲ್ಲ ಎನ್ನಬಹುದಿತ್ತು. ನಾನು ನಾಲ್ಕು ಬೈದು ಸುಮ್ಮನಾಗುತ್ತಿದ್ದೆ.

ನನ್ನ ಮಗಳು ಎಲ್ಲಿ? ಅಲ್ಲೇ ಇದ್ದೀರಿ, ಕೇಳಿ ತಿಳಿಸಿ.

ಲಾಂಡ್ರಿಯವಳು


ಏಪ್ರಿಲ್ 23, ಗುರುವಾರ

ಅಕ್ಕಾ,

ನನಗೆ ಗೊತ್ತಿರಲಿಲ್ಲ. ದೇವರಾಣೆ ಗೊತ್ತಿರಲಿಲ್ಲ. ಈಗಷ್ಟೇ ಆಫೀಸಿಗೆ ಹೋಗಿ ಕೇಳಿದೆ. ದೊಡ್ಡಮ್ಮ ಪತ್ರಗಳಿಗೆ ಸೀಲ್ ಹಾಕುತ್ತಾ ತಲೆ ಎತ್ತದೆ, "ಮಗುವಿನ ಒಳ್ಳೇದಕ್ಕೇ ಅಲ್ವಾ ನೀನು ತಂದುಕೊಟ್ಟಿದ್ದು? ಇನ್ನು ನಮಗೆ ಬಿಡು" ಎಂದರು. ಎಲ್ಲಿದ್ದಾಳೆ ಎಂದೆ. ಅವರು ನಮ್ಮ ಬ್ಯಾಚಿನ ಜೊತೆ ಬಂದಿರುವ ಕಾಲೇಜಿನ ಸರ್ ಅವರನ್ನು ಕರೆಸಿದರು. ಸರ್ ಹೊರಗೆ ಕರೆದುಕೊಂಡು ಬಂದು, "ನಾಳೆ ಫ್ಲೈಟ್ ಇದೆ, ಹೋಗು, ಪ್ಯಾಕ್ ಮಾಡ್ಕೋ" ಎಂದರು.

ನಾನು ಹೋಗಿ ಪ್ಯಾಕ್ ಮಾಡಿಕೊಂಡೆ. ಬೇರೆ ಏನು ಮಾಡಬೇಕು ತೋಚಲಿಲ್ಲ ಅಕ್ಕಾ. ನಮ್ಮ ಮನೆಯ ವಿಳಾಸ ಕೆಳಗಿದೆ. ನೀವು ಏನು ಹೇಳಿದರೂ ಮಾಡುತ್ತೇನೆ.

ತಂಗಿ


ಮೇ 4

ನಿಮಗೆ,

ಏನು ಹೇಳಿದರೂ ಮಾಡುತ್ತೇನೆ ಎಂದಿದ್ದೀರಿ. ಹೇಳುತ್ತೇನೆ.

ಮಗಳು ಸಿಕ್ಕಿದಳು. ನಾನೊಂದು ದಿನ ಪೂರ್ತಿ ಬಸ್ಸಿನಲ್ಲಿ ಕೂತರೆ ಸಿಗುವ ಊರಿನಲ್ಲಿದ್ದಾಳೆ. ಬಾಯ್ಲರ್ ವಾರವೆಲ್ಲ ಹುಡುಕುವುದರಲ್ಲೇ ಕಳೆಯಿತು. ಭೇಟಿ ಕೋಣೆಯ ಕಿಟಕಿಯ ಆ ಕಡೆ ಅವಳು, ಈ ಕಡೆ ನಾನು, ಪಕ್ಕದಲ್ಲಿ ಒಬ್ಬಳು ಮೇಲ್ವಿಚಾರಕಿ. "ಅಮ್ಮಾ, ನೀನು ನನ್ನನ್ನ ಕದಿಯೋಕೆ ಬಂದಿದ್ಯಂತೆ, ಹೌದಾ?" ಎಂದಳು. ಹೌದು ಎನ್ನಲೋ ಇಲ್ಲ ಎನ್ನಲೋ ತಿಳಿಯದೆ ಬಾಯಿ ಕಟ್ಟಿತು. ಆಮೇಲೆ ಅವಳೂ ಮಾತಾಡಲಿಲ್ಲ. ಯಾರೋ ಅವಳ ಉಗುರು ತೀರಾ ಬುಡಕ್ಕೆ ಕತ್ತರಿಸಿದ್ದರು, ಅದನ್ನೇ ನೋಡುತ್ತಾ ಕೂತಿದ್ದಳು.

ಮಕ್ಕಳ ರಕ್ಷಣಾ ಕಚೇರಿಯಲ್ಲಿ ಮೇ 20ಕ್ಕೆ ವಿಚಾರಣೆ. ನನ್ನ ಪತ್ರದ ಮೊದಲ ಹಾಳೆಯನ್ನು ಮಾತ್ರ ಅವರು ಅಲ್ಲಿಗೆ ಕೊಟ್ಟಿದ್ದಾರೆ. ವಾರ ಮುಗಿದ ಮೇಲೆ ನಾನೇ ತಂದು ಬಿಡುತ್ತೇನೆ ಎಂದು ಬರೆದಿದ್ದ ಎರಡನೇ ಹಾಳೆ ಇರಲೇ ಇಲ್ಲವಂತೆ. ಇತ್ತು ಎಂದು ಹೇಳಬಲ್ಲವರು ನೀವೊಬ್ಬರೇ. ನೀವು ಓದಿದ್ದನ್ನು ಬರೆದು, ಸಹಿ ಹಾಕಿ, ನೇರವಾಗಿ ಆ ಕಚೇರಿಗೆ ಕಳಿಸಿ. ವಿಳಾಸ ಇಟ್ಟಿದ್ದೇನೆ. ಅದಿಲ್ಲದಿದ್ದರೆ ಓದು ಮುಗಿಯುವವರೆಗೆ ಅವಳನ್ನು ರಜೆಗೆ ಕಳಿಸುವುದಿಲ್ಲ, ನನಗೆ ಆ ಕಿಟಕಿಯೇ ಗತಿ.

ಕೈ ಮುಗಿದು ಕೇಳುತ್ತೇನೆ, ಈ ಸಲ ಯಾರಿಗೂ ತೋರಿಸಬೇಡಿ.

ಲಾಂಡ್ರಿಯವಳು


ಜೂನ್ 2

ಅಕ್ಕಾ,

ಅಕ್ಕಾ ಎನ್ನಬಹುದೋ ಇಲ್ಲವೋ ಗೊತ್ತಿಲ್ಲ. ಮೇ 20ರ ನಂತರ ನಿಮಗೆ ಎರಡು ಪತ್ರ ಹಾಕಿದೆ, ಉತ್ತರ ಬರಲಿಲ್ಲ. ಅವುಗಳಲ್ಲಿ ನಾನು ಬರೆದದ್ದು ನಿಜವಲ್ಲ, ನನಗೇ ಅದು ನಿನ್ನೆ ಗೊತ್ತಾಯಿತು. ಸಾಕ್ಷಿ ಕಳಿಸಿದ್ದೇನೆ, ಏನಾಯಿತು ತಿಳಿಸಿ ಎಂದಷ್ಟೇ ಬರೆದಿದ್ದೆ.

ನಿಮ್ಮ ಪತ್ರ ಸಿಕ್ಕ ದಿನವೇ ಕೂತು ಬರೆದೆ. ಎರಡು ಹಾಳೆ ಇದ್ದದ್ದು, ಎರಡನೆಯದರಲ್ಲಿ ನೀವು ಬರೆದಿದ್ದ ಮಾತು, ಕ್ಲರ್ಕ್ ಅದನ್ನು ದೊಡ್ಡಮ್ಮನಿಗೆ ಓದಿ ಹೇಳಿದ್ದು, ಮಗುವಿಗೆ ಗುಳ್ಳೆ ಇರಲಿಲ್ಲ ಎಂಬುದು. ಸಹಿ ಹಾಕಿದೆ. ಆಮೇಲೆ ಬರೀ ನನ್ನ ಸಹಿಯನ್ನು ಯಾರು ಲೆಕ್ಕಕ್ಕಿಡುತ್ತಾರೆ, ಕಾಲೇಜಿನ ಸೀಲ್ ಇದ್ದರೆ ತೂಕ ಬರುತ್ತದೆ ಅನ್ನಿಸಿತು. ತೆಗೆದುಕೊಂಡು ಹೋಗಿ ಸರ್ ಕೈಗೆ ಕೊಟ್ಟೆ. ಯಾರಿಗೂ ತೋರಿಸಬೇಡಿ ಎಂದು ನೀವು ಬರೆದಿದ್ದಿರಿ. ಸರ್ ಅವರನ್ನು ನಾನು ಆ ಯಾರಿಗೂ ಎಂಬುದರೊಳಗೆ ಸೇರಿಸಿರಲಿಲ್ಲ.

"ವೆರಿ ಗುಡ್, ನಾನೇ ಕವರಿಂಗ್ ಲೆಟರ್ ಹಾಕಿ ಕಳಿಸ್ತೀನಿ" ಎಂದರು. ಹೋಯಿತೆಂದು ನಂಬಿದ್ದೆ. ನಿನ್ನೆ ಸೇವಾ ಸರ್ಟಿಫಿಕೇಟ್ ಕೊಡುತ್ತೇವೆಂದು ಸ್ಟಾಫ್ ರೂಮಿಗೆ ಕರೆದರು. ಸರ್ಟಿಫಿಕೇಟ್ ಹುಡುಕಲು ಸರ್ ಡ್ರಾಯರ್ ಎಳೆದಾಗ ನನ್ನ ಕವರ್ ಅಲ್ಲೇ ಇತ್ತು. ಅಂಟಿಸಿಯೂ ಇರಲಿಲ್ಲ. "ಸರ್, ಇದು..." ಎಂದೆ. "ಕೂತ್ಕೋ. ನೀನಿನ್ನೂ ಫಸ್ಟ್ ಇಯರ್. ಅಲ್ಲಿಯವರ ಮನೆ ವಿಷಯದಲ್ಲಿ ನಾವು ಕೈ ಹಾಕಿದ್ರೆ ಮುಂದಿನ ವರ್ಷ ನಮ್ಮ ಬ್ಯಾಚನ್ನ ಯಾರು ಕರೀತಾರೆ? ನಿನ್ನ ಜೂನಿಯರ್ಸ್ ಬಗ್ಗೆನೂ ಸ್ವಲ್ಪ ಯೋಚನೆ ಮಾಡು" ಎಂದರು. ನಾನು ಹೂಂ ಎಂದೆ, ಅಕ್ಕಾ. ಅಭ್ಯಾಸ ಬಲದಿಂದ ಹೂಂ ಎಂದುಬಿಟ್ಟೆ. ಹೊರಗೆ ಬಂದೆ. ಮತ್ತೆ ಒಳಗೆ ಹೋದೆ. ಸರ್ ಫೋನಿನಲ್ಲಿದ್ದರು. ಡ್ರಾಯರ್ ಎಳೆದು ಕವರ್ ತೆಗೆದುಕೊಂಡೆ. ಅವರು ನೋಡಿದರು. ನಾನು ಬಾಗಿಲು ದಾಟಿ ಬಂದೆ.

ಆ ಕಾಗದದ ಒಂದು ಪ್ರತಿ ಇದರ ಜೊತೆಗಿದೆ. ಮೂಲವನ್ನು ನಾನೇ ಅಂಚೆ ಕಚೇರಿಗೆ ಹೋಗಿ, ನೀವು ಕೊಟ್ಟ ವಿಳಾಸಕ್ಕೆ ರಿಜಿಸ್ಟರ್ ಮಾಡಿ ಬಂದಿದ್ದೇನೆ. ವಿಚಾರಣೆಯ ತಾರೀಖು ದಾಟಿದೆ ಎಂದು ನನಗೂ ಗೊತ್ತು. ಕೌಂಟರಿನವರು, "ಅರ್ಜೆಂಟಾ?" ಎಂದರು, ಹೌದು ಎಂದು ದುಡ್ಡು ಎಣಿಸಿ ಕೊಟ್ಟೆ.

ವಿಚಾರಣೆಯಲ್ಲಿ ಏನಾಯಿತು? ಅದನ್ನು ಮತ್ತೆ ತೆಗೆಸಲು ದಾರಿ ಇದೆಯೇ? ನಾನು ಅಲ್ಲಿಗೆ ಬಂದು ಹೇಳಿದರೆ ಕೇಳುತ್ತಾರೆಯೇ? ಪುಟ್ಟಿ ಮಾತಾಡುತ್ತಿದ್ದಾಳೆಯೇ? ಬೈದಾದರೂ ಬರೆಯಿರಿ. ದಯವಿಟ್ಟು ಬೇಗ ಉತ್ತರ ಕೊಡಿ.